ದಡಾರ ಬಂದು ಹೋದರೆ ಮೈ ಗಟ್ಟಿಯಾಗುತ್ತದೆಯೇ?

ಪ್ರಶ್ನೆ: ಮಗನಿಗೆ ಒಂಬತ್ತು ತಿಂಗಳು ತುಂಬಿತು. ದಡಾರದ ಚುಚ್ಚುಮದ್ದು ಹಾಕಿಸಿ ಎಂದು ಆಶಾ ಕಾರ್ಯಕರ್ತೆ ಹೇಳಿಹೋಗಿದ್ದಾರೆ. ಮನೆಯ ಹಿರಿಯರು, ‘ನಮಗೆಲ್ಲ ಬಂದು ಹೋಗಿದೆ, ಒಮ್ಮೆ ಬಂದರೆ ಮೈ ಗಟ್ಟಿಯಾಗುತ್ತದೆ’ ಎನ್ನುತ್ತಾರೆ. ತಾನಾಗಿ ಬಂದ ಶಕ್ತಿಯೇ ಮೇಲಲ್ಲವೇ?

ಉತ್ತರ: ಹಿರಿಯರ ಮಾತಿನಲ್ಲಿ ಅರ್ಧ ಸತ್ಯವಿದೆ. ಒಮ್ಮೆ ದಡಾರ ಬಂದವರಿಗೆ ಅದು ಮತ್ತೆ ಬರುವುದು ತೀರಾ ಅಪರೂಪ. ಆದರೆ ಆ ಒಂದು ಕಾಯಿಲೆಯಿಂದ ಪಾರಾಗಲು ಮಗು ಉಳಿದ ಕಾಯಿಲೆಗಳ ವಿರುದ್ಧ ಗಳಿಸಿದ್ದನ್ನು ಕಳೆದುಕೊಳ್ಳುತ್ತದೆ. ಸಿಡಿ150 ಎಂಬ ಪ್ರೋಟೀನ್ ಇರುವ ಜೀವಕೋಶಗಳೊಳಕ್ಕೆ ದಡಾರದ ವೈರಸ್ ಸುಲಭವಾಗಿ ನುಗ್ಗುತ್ತದೆ. ಹಿಂದೆ ಬಂದ ಸೋಂಕುಗಳನ್ನು ನೆನಪಿಟ್ಟುಕೊಳ್ಳುವ ‘ಮೆಮೊರಿ’ ಕೋಶಗಳ ಮೇಲೆ ಈ ಪ್ರೋಟೀನ್ ಹೇರಳ. ಸೋಂಕು ತಗುಲಿದ ಕೋಶಗಳನ್ನು ದೇಹವೇ ಕೊಂದು ವೈರಸ್ಸನ್ನು ತೊಲಗಿಸುತ್ತದೆ; ಅವುಗಳ ಜೊತೆ ಹಳೆಯ ನೆನಪೂ ಅಳಿಯುತ್ತದೆ. ಜ್ವರ ಇಳಿದು ದದ್ದು ಮಾಸಿದ ಮಗು ನೋಡುವುದಕ್ಕೆ ಚೆನ್ನಾಗಿಯೇ ಇರುತ್ತದೆ. ಹಾಗಾಗಿ ಮುಂದೆ ನ್ಯುಮೋನಿಯವೋ ಭೇದಿಯೋ ಬಂದರೆ ಯಾರೂ ದಡಾರವನ್ನು ದೂರುವುದಿಲ್ಲ.

ಇದು ನಿನ್ನೆ ಮೊನ್ನೆಯ ಊಹೆಯಲ್ಲ. ಕ್ಷಯದ ಚರ್ಮಪರೀಕ್ಷೆಗೆ ಸ್ಪಂದಿಸುತ್ತಿದ್ದ ಮಕ್ಕಳಲ್ಲಿ ದಡಾರದ ಸಮಯಕ್ಕೆ ಆ ಸ್ಪಂದನೆ ಮಾಯವಾಗುವುದನ್ನು ಕ್ಲೆಮೆನ್ಸ್ ಫಾನ್ ಪಿರ್ಕೆ 1908ರಲ್ಲೇ ವರದಿ ಮಾಡಿದ್ದರು. ದಡಾರ ಹೆಚ್ಚಿದ ಬಳಿಕ ಎರಡು ಮೂರು ವರ್ಷ ಇತರ ಸೋಂಕುಗಳಿಂದ ಸಾಯುವ ಮಕ್ಕಳ ಸಂಖ್ಯೆಯೂ ಹೆಚ್ಚಿದ್ದನ್ನು ಇಂಗ್ಲೆಂಡ್, ಅಮೆರಿಕ, ಡೆನ್ಮಾರ್ಕ್‌ಗಳ ದಾಖಲೆಗಳಿಂದ 2015ರಲ್ಲಿ ತೋರಿಸಲಾಯಿತು. ಬಡತನ, ಅಪೌಷ್ಟಿಕತೆ ಇದ್ದಲ್ಲಿ ಎರಡೂ ಹೆಚ್ಚೇ ಇರುತ್ತವಲ್ಲ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ 2019ರಲ್ಲಿ ನೆದರ್ಲೆಂಡ್ಸ್‌ನಿಂದ ಬಂತು. ಲಸಿಕೆ ಹಾಕಿಸದ 77 ಮಕ್ಕಳ ರಕ್ತವನ್ನು ದಡಾರಕ್ಕೆ ಮುಂಚೆ ಮತ್ತು ನಂತರ ಹೋಲಿಸಿ ನೋಡಲಾಯಿತು: ಇತರ ಸೂಕ್ಷ್ಮಜೀವಿಗಳ ವಿರುದ್ಧದ ಪ್ರತಿಕಾಯಗಳಲ್ಲಿ ಶೇ 11ರಿಂದ 73ರಷ್ಟು ಇಲ್ಲವಾಗಿದ್ದವು. ಅದೇ ಮಗು, ಅದೇ ಮನೆ, ಅದೇ ಊಟ. ಇಲ್ಲಿ ಬಡತನವನ್ನು ದೂರಲು ಜಾಗವೇ ಇಲ್ಲ.

ಲಸಿಕೆಯಲ್ಲಿರುವುದೂ ಜೀವಂತ ವೈರಸ್ಸೇ ತಾನೇ, ಅದೂ ನೆನಪನ್ನು ಅಳಿಸುವುದಿಲ್ಲವೇ? ಅದೇ ಅಧ್ಯಯನದಲ್ಲಿ ಲಸಿಕೆ ಪಡೆದ ಮಕ್ಕಳನ್ನೂ ಪರೀಕ್ಷಿಸಿದ್ದರು. ಅವರಲ್ಲಿ ಈ ನಷ್ಟ ಕಾಣಲಿಲ್ಲ. ದುರ್ಬಲಗೊಳಿಸಿದ ವೈರಸ್ ದಡಾರವನ್ನು ಗುರುತಿಸಲು ಕಲಿಸುತ್ತದೆ, ಉಳಿದ ಪಾಠಗಳನ್ನು ಮುಟ್ಟುವುದಿಲ್ಲ. ಇನ್ನು ‘ನಮಗೇನೂ ಆಗಲಿಲ್ಲ’ ಎಂಬ ವಾದ. ಅದನ್ನು ಹೇಳಲು ಉಳಿದವರು ಬದುಕಿದವರು ಮಾತ್ರ. ಆ ಕಾಲದಲ್ಲಿ ತೀರಿಕೊಂಡ ಮಕ್ಕಳ ಲೆಕ್ಕ ಆ ಮಾತಿನಲ್ಲಿ ಸೇರುವುದೇ ಇಲ್ಲ, ನನಗೆ ನೋವಾಗುವುದು ಅಲ್ಲೇ.

ಆದ್ದರಿಂದ ತಡಮಾಡಬೇಡಿ. ದಡಾರ–ರುಬೆಲ್ಲಾ ಲಸಿಕೆಯ ಮೊದಲ ಡೋಸ್ ಒಂಬತ್ತು ತಿಂಗಳು ತುಂಬಿದ ಮೇಲೆ, ಎರಡನೆಯದು 16ರಿಂದ 24 ತಿಂಗಳೊಳಗೆ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತ. ತಪ್ಪಿಹೋಗಿದ್ದರೆ ಐದು ವರ್ಷದವರೆಗೂ ಅಲ್ಲಿ ಹಾಕುತ್ತಾರೆ. ಮನೆಯಲ್ಲಿ ಯಾವುದಾದರೂ ಮಗುವಿಗೆ ಈಗಾಗಲೇ ದಡಾರ ಬಂದಿದ್ದರೆ, ವೈದ್ಯರಲ್ಲಿ ವಿಟಮಿನ್ ‘ಎ’ ಬಗ್ಗೆ ಕೇಳಿ. ಮುಂದಿನ ಹಲವು ತಿಂಗಳು ಕೆಮ್ಮು, ಉಬ್ಬಸ, ಭೇದಿ, ಕಿವಿ ಸೋರುವುದು ಕಂಡರೆ ಮನೆಮದ್ದಿನಲ್ಲಿ ದಿನ ಕಳೆಯದೆ ಆಸ್ಪತ್ರೆಗೆ ಕರೆದೊಯ್ಯಿರಿ, ದಡಾರ ಬಂದಿತ್ತೆಂದು ಮೊದಲೇ ತಿಳಿಸಿ.