ಪಾದ್ರಿಗಳ ಮನೆ, ಮಣ್ಣಿನ ಮನೆ

ಫ್ರೀಮಾಂಟ್‌ಗೆ ನಾವೆಲ್ಲ ಹೋಗೋದು ಸಾಮಾನ್ಯವಾಗಿ ದೋಸೆಗೆ, ಇಲ್ಲಾ ದಿನಸಿಗೆ. ಮುಂದಿನ ಸಲ ಹೋದಾಗ ಒಂದು ಗಂಟೆ ಮಿಶನ್ ಸ್ಯಾನ್ ಹೋಸೆಗೂ ಇಟ್ಟುಕೊಳ್ಳಿ. ಸ್ಪೇನ್‌ನ ಫ್ರಾನ್ಸಿಸ್ಕನ್ ಪಾದ್ರಿಗಳು 1797ರ ಜೂನ್ 11ರಂದು ಸ್ಥಾಪಿಸಿದ ಇದು, ಕ್ಯಾಲಿಫೋರ್ನಿಯಾದ 21 ಮಿಶನ್‌ಗಳಲ್ಲಿ 14ನೆಯದು. ಅಲ್ಲಿ ಎದ್ದು ಕಾಣುವ ಬಿಳಿ ಚರ್ಚು 1985ರಲ್ಲಿ ಮುಗಿದ ಮರುನಿರ್ಮಾಣ. ನಿಜವಾಗಿ ಹಳೆಯದು ಪಕ್ಕದ ತಗ್ಗು ಕಟ್ಟಡ: ಪಾದ್ರಿಗಳು ವಾಸವಿದ್ದ ಮನೆಯ ಉಳಿದ ಭಾಗ. ಈಗ ಅದು ಮ್ಯೂಸಿಯಂ.

ಇದರ ಗೋಡೆ ಅಡೋಬಿಯದು, ಅಂದರೆ ಸುಡದ ಇಟ್ಟಿಗೆ. ಜೇಡಿಮಣ್ಣು, ಮರಳು, ಹುಲ್ಲು ಕಲಸಿ, ಅಚ್ಚಿಗೆ ಹಾಕಿ, ಬಿಸಿಲಲ್ಲಿ ಒಣಗಿಸಿದ್ದು. ಬಯಲುಸೀಮೆಯ ಹಳೇ ಮನೆ ನೋಡಿದವರಿಗೆ ಇದೇನೂ ಹೊಸದಲ್ಲ. ದಪ್ಪ ಗೋಡೆ ಹಗಲಿನ ಬಿಸಿಯನ್ನು ಹೀರಿಕೊಂಡು ರಾತ್ರಿ ನಿಧಾನವಾಗಿ ಬಿಡುತ್ತೆ. ಮಣ್ಣಿಗೆ ಶತ್ರು ನೀರು. ಅದಕ್ಕೇ ಸುಣ್ಣದ ಲೇಪ, ಮುಂದೆ ಚಾಚಿದ ಸೂರು, ಜಗಲಿ. ಹುಲ್ಲಿನ ಮಾಡಿಗೆ ಬೆಂಕಿಯ ಭಯವಿದ್ದುದರಿಂದ ಮಿಶನ್‌ಗಳಲ್ಲಿ ಹೆಂಚು ಬಂತು. ಆ ಅರೆದುಂಡಗಿನ ಹೆಂಚು ನಮ್ಮ ನಾಡಹೆಂಚಿನ ಅಣ್ಣತಮ್ಮನ ಹಾಗಿದೆ.

ಮಣ್ಣಿನ ಗೋಡೆ ಭಾರ ಹೊರುತ್ತೆ, ಆದರೆ ಎಳೆತ ತಾಳೋದಿಲ್ಲ. 1868ರ ಅಕ್ಟೋಬರ್ 21ರಂದು ಹೇವರ್ಡ್ ಬಿರುಕು ಅಲುಗಿದಾಗ 1809ರ ಎತ್ತರದ ಚರ್ಚು ಹಾಳಾಯಿತು. ತಗ್ಗಿನ ಮನೆಯ ಒಂದು ಭಾಗ ನಿಂತಿತು.

ಇಂಗ್ಲೆಂಡಿನಲ್ಲಿ ಇದಕ್ಕೊಂದು ಜೋಡಿ ಇದೆ. ಆಲ್ಫ್ರಿಸ್ಟನ್ ಊರಿನ 14ನೇ ಶತಮಾನದ ಪಾದ್ರಿಮನೆ ಮರದ ಚೌಕಟ್ಟಿನದು, ಹುಲ್ಲಿನ ಮಾಡಿನದು. ಅದರ ನೆಲ ಸೀಮೆಸುಣ್ಣದ ಕಲ್ಲನ್ನು ಕುಟ್ಟಿ, ಹುಳಿಹಾಲು ಸುರಿದು ಗಟ್ಟಿ ಮಾಡಿದ್ದು. ನಮ್ಮಲ್ಲಿ ಸಗಣಿ ಸಾರಿಸಿದಂತೆ! ಬೀಳುವಂತಿದ್ದ ಅದನ್ನು 1896ರಲ್ಲಿ ನ್ಯಾಷನಲ್ ಟ್ರಸ್ಟ್ 10 ಪೌಂಡಿಗೆ ಕೊಂಡು ಉಳಿಸಿತು. ಆ ಸಂಸ್ಥೆ ಕೊಂಡ ಮೊದಲ ಕಟ್ಟಡವೇ ಅದು. ಎರಡೂ ಕಡೆ ಮನೆ ಕಟ್ಟಿದ್ದು ಕೈಗೆ ಸಿಕ್ಕ ಸಾಮಾನಿನಿಂದಲೇ.

ಆದರೆ ಆ ಕೈ ಯಾರದು? ಫ್ರೀಮಾಂಟ್‌ನ ಮಣ್ಣು ತುಳಿದವರು, ಇಟ್ಟಿಗೆ ಹೊತ್ತವರು ಇಲ್ಲಿನ ಮೂಲನಿವಾಸಿ ಓಲೋನಿ ಮತ್ತು ಅಕ್ಕಪಕ್ಕದ ಜನ. ದೀಕ್ಷೆ ಪಡೆದ ಮೇಲೆ ಮಿಶನ್ ಬಿಟ್ಟುಹೋಗುವ ಸ್ವಾತಂತ್ರ್ಯ ಅವರಿಗಿರಲಿಲ್ಲ. ದಡಾರದಂಥ ರೋಗಗಳಿಗೆ ಬಹಳ ಮಂದಿ ಬಲಿಯಾದರು. ಅವರ ಸ್ಮಶಾನ ಅಲ್ಲೇ ಹತ್ತಿರ, ವಾಷಿಂಗ್ಟನ್ ಬುಲೆವಾರ್ಡ್‌ನಲ್ಲಿದೆ.

ಹಾಗಾಗಿ ಹೋದಾಗ ಗೋಡೆಯ ದಪ್ಪ ನೋಡಿ, ಸೂರು ನೋಡಿ. ಆಮೇಲೆ ಸ್ಮಶಾನಕ್ಕೂ ಹೋಗಿ ಬನ್ನಿ. ಅದನ್ನು ನೋಡದೆ ಈ ಮನೆಯ ಪಾಠ ಮುಗಿಯೋದಿಲ್ಲ.