ಗದ್ದೆಯ ನೀಲಹಸುರು ಪಾಚಿ

ನಾಟಿಯಾದ ಗದ್ದೆಯ ನೀರಿನ ಮೇಲೆ ಹಸುರು ಪೊರೆ ಕಟ್ಟುವದನ್ನು ನೀವು ನೋಡಿದ್ದೀರಷ್ಟೆ. ಅದನ್ನು ಕಸವೆಂದು ಬಳಿದು ಬದುವಿನ ಮೇಲೆ ಎಸೆಯುವವರುಂಟು. ಎಸೆಯುವದಕ್ಕೆ ಮುಂಚೆ ಅದು ಏನೆಂದು ವಿಚಾರಿಸತಕ್ಕದ್ದು.

ಪೈರಿಗೆ ಸಾರಜನಕವು ಬೇಕು. ಗಾಳಿಯಲ್ಲಿ ನೂರಕ್ಕೆ 78 ಪಾಲು ಅದೇ ಇದ್ದರೂ ಭತ್ತದ ಬೇರು ಅದನ್ನು ಹೀರಲಾರದು. ಅನಬೀನಾ, ನಾಸ್ಟಾಕ್ ಮೊದಲಾದ ನೀಲಹಸುರು ಪಾಚಿಗಳಾದರೋ ಹೀರಬಲ್ಲವು. ಸೂಕ್ಷ್ಮದರ್ಶಕದಲ್ಲಿ ಇವು ಮಣಿಸರದಂತೆ ಕಾಣುವವು. ಸರದಲ್ಲಿ ಅಲ್ಲಲ್ಲಿರುವ ದಪ್ಪಗೋಡೆಯ ಮಣಿಗಳೇ ಗಾಳಿಯ ಸಾರಜನಕವನ್ನು ಗೊಬ್ಬರವಾಗಿ ಮಾರ್ಪಡಿಸುತ್ತವೆ. ಪಾಚಿಯು ಸತ್ತು ಕೊಳೆತಾಗ ಅದು ಪೈರಿಗೆ ದೊರೆಯುವದು. ಗದ್ದೆಗೆ ಸಾರಜನಕ ಸೇರುವದರಲ್ಲಿ ಈ ಪಾಚಿಯ ಪಾತ್ರವನ್ನು ಪಿ. ಕೆ. ಡೇ ಎಂಬ ಪಂಡಿತರು 1939ರಲ್ಲಿ ಪ್ರಕಟಿಸಿದರು.

ಇದನ್ನು ಮನೆಯಂಗಳದಲ್ಲಿಯೇ ಬೆಳಸಬಹುದು. ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲದ ತೊಟ್ಟಿಯಲ್ಲಿ 8–10 ಕಿಲೋ ಮಣ್ಣನ್ನೂ 200 ಗ್ರಾಂ ಸೂಪರ್‌ಫಾಸ್ಫೇಟನ್ನೂ ಕಲಸಿ, ನೀರು ನಿಲ್ಲಿಸಿ, ಮಣ್ಣು ತಳಕ್ಕಿಳಿದ ಮೇಲೆ ಪಾಚಿಯ ಬೀಜಪುಡಿಯನ್ನು ಉದುರಿಸತಕ್ಕದ್ದು. ಮಣ್ಣು ಹುಳಿಯಾಗಿದ್ದರೆ ಸುಣ್ಣ ಬೆರಸಬೇಕು. ಹುಳಿಮಣ್ಣು ಇದಕ್ಕೆ ಆಗದು. ಒಳ್ಳೇ ಬಿಸಿಲಿದ್ದರೆ ಸುಮಾರು ಹತ್ತು ದಿವಸಗಳಲ್ಲಿ ದಪ್ಪ ಪೊರೆ ಕಟ್ಟುವದು. ನೀರು ಬತ್ತಿದಾಗ ಹಪ್ಪಳದಂತೆ ಏಳುವ ಪದರಗಳನ್ನು ಕೂಡಿಸಿಟ್ಟು, ನಾಟಿಯಾಗಿ ಒಂದು ವಾರವಾದ ಮೇಲೆ ಹೆಕ್ಟೇರಿಗೆ 10 ಕಿಲೋದಂತೆ ನಿಂತ ನೀರಿಗೆ ಎರಚಬೇಕು. ಇದರಿಂದ ಹೆಕ್ಟೇರಿಗೆ 20–30 ಕಿಲೋ ಸಾರಜನಕ ದೊರೆಯಬಹುದು. ಸಾಲ ಮಾಡಿ ಯೂರಿಯಾ ಕೊಳ್ಳುವವನಿಗೆ ಇದು ಅಲ್ಪವಲ್ಲ. ಆದರೂ ಯೂರಿಯಾವನ್ನು ಪೂರಾ ಬಿಟ್ಟುಬಿಡಬಹುದೆಂದು ತಿಳಿಯಬಾರದು.

ಇನ್ನೊಂದು ಮಾತು. ಕೊಳೆನೀರು ಸೇರಿದ ಕೆರೆಯಲ್ಲಿ ಹಸುರು ಬಣ್ಣ ಕದಡಿದಂತೆ ತೇಲುವ ಪಾಚಿಯೂ ಇದೇ ಕುಲದ್ದಾಗಿರಬಹುದು. ಅದರಲ್ಲಿ ಈರಲನ್ನು ಕೆಡಿಸುವ ವಿಷವುಳ್ಳ ಜಾತಿಗಳುಂಟು. ಅಂಥದನ್ನು ಬೀಜಕ್ಕೆಂದು ತರಬೇಡಿರಿ, ದನಗಳಿಗೂ ಆ ನೀರನ್ನು ಕುಡಿಸಬೇಡಿರಿ.