ಬೆಟ್ಟದಿಂದ ಇಳಿದ ಮೇಲೆ

(ಓದತಕ್ಕ ಭಾಗ: ಮಾರ್ಕ 9ನೇ ಅಧ್ಯಾಯ, 2ರಿಂದ 29ನೇ ವಚನದ ವರೆಗೆ)

ಸುಗ್ಗಿಯ ಸ್ತೋತ್ರಾರಾಧನೆಯ ದಿನದಲ್ಲಿ ನಮ್ಮ ದೇವಾಲಯವು ತುಂಬಿರುತ್ತದೆ. ತೆನೆ, ಕುಂಬಳಕಾಯಿ, ಕೋಳಿಗಳನ್ನು ಕಾಣಿಕೆಯಾಗಿ ತರುತ್ತೇವೆ. ಕೀರ್ತನೆ ಹಾಡುವಾಗ ಕಣ್ಣುಗಳು ಒದ್ದೆಯಾಗುತ್ತವೆ. ಆದರೆ ಮರುದಿನ ಹೊಲದ ಬದುವಿನ ವಿಷಯವಾಗಿ ನೆರೆಯವನ ಸಂಗಡ ಜಗಳವಾಡುವಾಗ ಆ ಕಣ್ಣೀರು ಎಲ್ಲಿ ಹೋಯಿತು? ಇದನ್ನು ಕುರಿತು ಈ ಪಾಠದಲ್ಲಿ ಆಲೋಚಿಸೋಣ.

1. ಬೆಟ್ಟದ ಮೇಲೆ. ಕರ್ತನು ಪೇತ್ರ, ಯಾಕೋಬ, ಯೋಹಾನರನ್ನು ಮಾತ್ರ ಕರಕೊಂಡು ಎತ್ತರವಾದ ಬೆಟ್ಟವನ್ನು ಹತ್ತಿದನು. ಅಲ್ಲಿ ಆತನ ರೂಪವು ಬೇರೆಯಾಯಿತು. ಮೋಶೆಯೂ ಎಲೀಯನೂ ಆತನ ಸಂಗಡ ಮಾತಾಡುವದನ್ನು ಶಿಷ್ಯರು ಕಂಡರು. ಪೇತ್ರನಾದರೋ ಅಲ್ಲಿ ಮೂರು ಗುಡಾರಗಳನ್ನು ಕಟ್ಟಬೇಕೆಂದನು. ಇಳಿದು ಹೋಗಲು ಅವನಿಗೆ ಮನಸ್ಸಿರಲಿಲ್ಲ. ಆದರೆ ಆ ಮಹಿಮೆಯೊಳಗೆ ನಡೆದ ಸಂಭಾಷಣೆ ಯಾವದು? ಯೆರೂಸಲೇಮಿನಲ್ಲಿ ಸಂಭವಿಸಬೇಕಾಗಿದ್ದ ಆತನ ಮರಣವೇ ಎಂದು ಲೂಕನು (9:31) ತಿಳಿಸುತ್ತಾನೆ. ಬೆಟ್ಟದ ತುದಿಯಲ್ಲಿಯೂ ಕರ್ತನ ಮನಸ್ಸು ಕೆಳಗಿನ ದಾರಿಯ ಮೇಲೆಯೇ ಇತ್ತು.

2. ಬೆಟ್ಟದ ಕೆಳಗೆ. ಮರುದಿನ ಅವರು ಇಳಿದು ಬಂದಾಗ ಕಂಡದ್ದೇನು? ದೆವ್ವ ಹಿಡಿದು ನೆಲಕ್ಕೆ ಬೀಳುವ ಹುಡುಗನು, ಕಂಗಾಲಾದ ತಂದೆಯು, ತರ್ಕಮಾಡುವ ಶಾಸ್ತ್ರಿಗಳು, ಏನೂ ಮಾಡಲಾರದೆ ನಿಂತ ಉಳಿದ ಒಂಭತ್ತು ಮಂದಿ ಶಿಷ್ಯರು. ಕರ್ತನು ಬೇಸರದಿಂದ ಮತ್ತೆ ಬೆಟ್ಟಕ್ಕೆ ಹೋಗಲಿಲ್ಲ. ಹುಡುಗನನ್ನು ತನ್ನ ಬಳಿಗೆ ತರಿಸಿ ಕೈ ಹಿಡಿದು ಎಬ್ಬಿಸಿದನು. ಶಿಷ್ಯರಾದರೋ ತರುವಾಯ ದಾರಿಯಲ್ಲಿ, ತಮ್ಮೊಳಗೆ ಯಾವನು ಹೆಚ್ಚಿನವನೆಂದು ವಾದಿಸಿದರು. ಬೆಟ್ಟ ಹತ್ತಿದ ಮಾತ್ರಕ್ಕೆ ಹೃದಯವು ಮಾರ್ಪಡುವದಿಲ್ಲವೆಂಬದಕ್ಕೆ ಇದೇ ಸಾಕ್ಷಿ.

3. ನಮ್ಮ ದಾರಿ. ಇದನ್ನು ಬರೆಯುವ ನಾನೂ ಈ ವಿಷಯದಲ್ಲಿ ತಪ್ಪಿದವನೇ. ಒಂದು ಸಾರಿ ಉಪದೇಶಿಗಳ ಕೂಟದಲ್ಲಿ ಮೂರು ದಿನವಿದ್ದು, ಹರ್ಷದಿಂದ ತುಂಬಿ ಮನೆಗೆ ಬಂದೆನು. ಅದೇ ಸಾಯಂಕಾಲ ಒಬ್ಬ ವಿಧವೆಯು ಬಂದು, ದೂರದ ತೋಟದಲ್ಲಿ ದುಡಿಯುವ ಮಗನಿಗೆ ಕಾಗದ ಬರೆದುಕೊಡಬೇಕೆಂದು ಕೇಳಿದಳು. "ದಣಿದಿದ್ದೇನೆ, ಅಮ್ಮಾ, ನಾಳೆ ಬನ್ನಿರಿ" ಎಂದೆನು. ಆಕೆ ಮಾತಾಡದೆ ಹಿಂತಿರುಗಿದಳು. ಕೂಟದಲ್ಲಿ ಕೇಳಿದ್ದನ್ನು ಬರೆದಿಡಬೇಕೆಂದು ಪುಸ್ತಕ ತೆರೆದರೆ ಒಂದು ಸಾಲೂ ಬರಲಿಲ್ಲ. ಕೊನೆಗೆ ಲಾಂದ್ರ ಹಿಡಿದು ಆಕೆಯ ಮನೆಗೆ ಹೋದೆನು. ಮಗನಿಗೆ ಜ್ವರವೆಂಬ ಸುದ್ದಿ ಆ ದಿನವೇ ಬಂದಿತ್ತು. ಕಾಗದ ಬರೆದು, ಆಕೆಯ ಸಂಗಡ ಮೊಣಕಾಲೂರಿ ಪ್ರಾರ್ಥಿಸಿದೆನು. ಕೂಟದ ಪಾಠವನ್ನು ನಾನು ಕಲಿತದ್ದು ಆ ಮನೆಯಲ್ಲಿಯೇ.

ಕರ್ತನು ಹತ್ತಿದ ಬೆಟ್ಟದ ಹೆಸರು ಸುವಾರ್ತೆಗಳಲ್ಲಿಲ್ಲ. ಅದು ತಾಬೋರ್ ಎಂಬದು ಪುರಾತನ ಸಂಪ್ರದಾಯ. ಹೆರ್ಮೋನ್ ಎಂದು ಅನೇಕ ಪಂಡಿತರ ಅಭಿಪ್ರಾಯ. ಹೆರ್ಮೋನ್ ಸುಮಾರು 9,200 ಅಡಿ ಎತ್ತರವುಳ್ಳದ್ದು. ಅದರ ತುದಿಯ ಹಿಮವು ಕರಗಿ, ಬುಡದಲ್ಲಿ ಒರತೆಗಳಾಗಿ ಹೊರಟು, ಯೊರ್ದನ್ ಹೊಳೆಯನ್ನು ಸೇರುತ್ತದೆ. ಹಿಮವು ತುದಿಯಲ್ಲಿ ಬೆಳ್ಳಗೆ ಹೊಳೆದರೆ ನೋಡುವದಕ್ಕೆ ಚಂದವೇ. ಆದರೆ ಇಳಿದು ಹರಿದ ನೀರೇ ಹೊಲವನ್ನು ತೋಯಿಸುತ್ತದೆ. ಆರಾಧನೆಯಲ್ಲಿ ಹೊಂದಿದ ಸಂತೋಷವೂ ಹೀಗೆಯೇ.

ಆದಕಾರಣ, ದೇವಾಲಯದಿಂದ ಹೊರಡುವ ಮೊದಲೇ ಆ ವಾರ ಯಾರ ಸಂಗಡ ಸಮಾಧಾನವಾಗಬೇಕು, ಯಾರಿಗೆ ನೆರವಾಗಬೇಕು ಎಂದು ದೇವರ ಮುಂದೆ ಒಂದು ಹೆಸರನ್ನು ಹೇಳಿರಿ. ಸೋಮವಾರ ಹೊಲಕ್ಕೆ ಹೋಗುವ ಮುಂಚೆ ಅದೇ ಹೆಸರನ್ನು ತಿರಿಗಿ ಹೇಳಿ ಪ್ರಾರ್ಥಿಸಿರಿ. ಶಿಷ್ಯರು ಯಾಕೆ ಸೋತರೆಂಬದಕ್ಕೆ ಕರ್ತನು ಕೊಟ್ಟ ಉತ್ತರವು ಪ್ರಾರ್ಥನೆಯೇ ಅಲ್ಲವೇ?

ಕೂಟದಲ್ಲಿ ಕೇಳತಕ್ಕ ಪ್ರಶ್ನೆಗಳು:

1. ಪೇತ್ರನು ಗುಡಾರಗಳನ್ನು ಕಟ್ಟಬೇಕೆಂದದ್ದು ಯಾಕೆ?
2. ಹುಡುಗನ ತಂದೆಯಲ್ಲಿ ನಂಬಿಕೆಯೂ ಅಪನಂಬಿಕೆಯೂ ಹೇಗೆ ಕೂಡಿದ್ದವು?
3. ಕಳೆದ ಹಬ್ಬದ ಸಂತೋಷವು ನಮ್ಮ ಮನೆಯವರಿಗೆ ಯಾವ ಕೆಲಸದಿಂದ ತಿಳಿಯಿತು?